ಇಸ್ಪೀಟು, ಗಂಜೀಫಾ, ಲಾಸ್ಟ್ ಚಾನ್ಸ್

1/5
ನಮ್ಮ ಕ್ಲಾಸಲ್ಲಿ ಒಬ್ಬ ಇದ್ದಾನೆ, ಮಾಗಡಿ ಕಡೆಯವನು. ಹೆಸರು ಬೇಡ ಅಂದಿದ್ದಾನೆ. ಬೆಂಗಳೂರಲ್ಲಿ ನಡೆಯೋ ಒಂದು ಲಾಸ್ಟ್ ಚಾನ್ಸ್ ಕ್ವಾಲಿಫೈಯರ್‌ಗೆ ಫಾರ್ಮ್ ತುಂಬಿ ಇಟ್ಕೊಂಡು ನಾಲ್ಕು ದಿನ ಆಯ್ತು, ಇನ್ನೂ ಸಬ್ಮಿಟ್ ಒತ್ತಿಲ್ಲ. ಪೋಕೆಮಾನ್ ಕಾರ್ಡ್ ಆಟ. ಸೀಸನ್ ಪೂರ್ತಿ ಪಾಯಿಂಟ್ಸ್ ಸಿಗದವರಿಗೆ ಇದೇ ಕೊನೇ ಬಾಗಿಲು. ಅವನ ಆಟ ಚೆನ್ನಾಗೇ ಇದೆ. ತೊಂದರೆ ಇರೋದು ಮನೇಲಿ. 'ಕಾರ್ಡ್' ಅಂದ ತಕ್ಷಣ ಅವರಪ್ಪ ಊಟದ ತಟ್ಟೆ ಬಿಟ್ಟು ಎದ್ದು ಹೋದ್ರಂತೆ.

ನಗಬೇಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಲ್ಲಿ ಹುಟ್ಟಿದವರಿಗೆ ಇದು ಅರ್ಥ ಆಗುತ್ತೆ. ನಮ್ಮ ಕಡೆ ಯುಗಾದಿ ಮುಗಿದ ಮಾರನೇ ದಿನ ಹೊಸತೊಡಕು. ಬೆಳಗ್ಗೆ ಮಟನ್ ಅಂಗಡಿ ಮುಂದೆ ಕ್ಯೂ, ಮಧ್ಯಾಹ್ನ ಬಾಡೂಟ, ಆಮೇಲೆ ತೋಟದಲ್ಲೋ ಅರಳಿಕಟ್ಟೆ ಮೇಲೋ ಇಸ್ಪೀಟು. ಅವತ್ತು ಆಡದವನೇ ಇಲ್ಲ ಅನ್ನೋ ಹಾಗೆ ಆಡ್ತಾರೆ. ನಮ್ಮ ಹುಡುಗನ ತಾತ ರಾಮನಗರ ಮಾರ್ಕೆಟ್ಟಲ್ಲಿ ರೇಷ್ಮೆಗೂಡು ಮಾರಿ ತಂದ ದುಡ್ಡನ್ನ ಇಂಥದ್ದೇ ಒಂದು ಹೊಸತೊಡಕಿನ ದಿನ ಅಂದರ್ ಬಾಹರ್‌ನಲ್ಲಿ ಕಳೆದು, ಬರಿಗೈಲಿ ಮನೆಗೆ ಬಂದಿದ್ದರಂತೆ. ಆ ವರ್ಷ ಅವರಪ್ಪನ ಸ್ಕೂಲು ನಿಂತುಹೋಯ್ತು. ಆ ಮನುಷ್ಯನಿಗೆ ಇವನು ಡೆಕ್ ತೋರಿಸಿದರೆ ಏನು ಕಾಣುತ್ತೆ ಹೇಳಿ?

ಹಾಗಾಗಿ ಈ ಸಲದ ಹಿಸ್ಟರಿ ಸರಣಿ ಇದರ ಮೇಲೇ.

2/5
ಇಸ್ಪೀಟಿಗಿಂತ ಮೊದಲು ನಮ್ಮಲ್ಲಿದ್ದದ್ದು ಗಂಜೀಫಾ. ದುಂಡನೆಯ ಎಲೆಗಳು, ಕೈಯಲ್ಲಿ ಬರೆದ ಚಿತ್ರ. ಬಾಬರ್ 1527ರಲ್ಲಿ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಕಳಿಸಿಕೊಟ್ಟ ಅಂತ ತನ್ನ ಆತ್ಮಕಥೆಯಲ್ಲೇ ಬರೆದಿದ್ದಾನೆ. ಮೊಘಲರ ಆಟದಲ್ಲಿ 8 ಬಣ್ಣ, 96 ಎಲೆ. ಅದು ಇಲ್ಲಿ ಬೇರು ಬಿಟ್ಟಮೇಲೆ ದಶಾವತಾರ ಗಂಜೀಫಾ ಆಯ್ತು: ಹತ್ತು ಅವತಾರಕ್ಕೆ ಹತ್ತು ಬಣ್ಣ, ಒಂದೊಂದರಲ್ಲೂ ರಾಜ, ಮಂತ್ರಿ, ಜೊತೆಗೆ ಹತ್ತು ಎಣಿಕೆಯ ಎಲೆ. ಒಟ್ಟು 120. ಅದರಲ್ಲಿ ಅರ್ಧ ಬಣ್ಣಗಳಲ್ಲಿ ಎಣಿಕೆ ತಲೆಕೆಳಗು, ಹತ್ತಕ್ಕಿಂತ ಒಂದೇ ದೊಡ್ಡದು. ಬಿದ್ದ ಎಲೆಯನ್ನೆಲ್ಲ ನೆನಪಿಟ್ಟುಕೊಳ್ಳದೆ ಇದನ್ನ ಗೆಲ್ಲೋಕೆ ಆಗಲ್ಲ.

ಈ ಕಥೆಯ ಹೀರೋ ನಮ್ಮ ಪಕ್ಕದ ಮೈಸೂರಿನವರು, ಮುಮ್ಮಡಿ ಕೃಷ್ಣರಾಜ ಒಡೆಯರ್. 1799ರಲ್ಲಿ ಐದು ವರ್ಷದ ಹುಡುಗನಾಗಿದ್ದಾಗ ಪಟ್ಟ. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಯಿಂದ ಕಿತ್ತುಕೊಂಡರು. ಅಧಿಕಾರ ಇಲ್ಲದ ರಾಜ ಕಲೆ, ಪುಸ್ತಕ, ಆಟ ಅಂತ ಮುಳುಗಿದರು. ಅವರು ಮಾಡಿಸಿದ 'ಶ್ರೀತತ್ತ್ವನಿಧಿ'ಯಲ್ಲಿ ಒಂಬತ್ತು ನಿಧಿಗಳು. ಕೊನೇದು ಕೌತುಕನಿಧಿ, ಅದರಲ್ಲಿ ಪೂರಾ ಆಟಗಳ ವಿಷಯ. 36 ಎಲೆಯ ಕಟ್ಟಿನಿಂದ ಹಿಡಿದು 360 ಎಲೆಯ ಕಟ್ಟಿನವರೆಗೆ ಬಗೆಬಗೆಯ ಕಾರ್ಡ್ ಆಟ. 360 ಎಲೆ ಕಣ್ರೋ! ಇವತ್ತು 60 ಎಲೆಯ ಡೆಕ್ ಕಟ್ಟೋಕೇ ನಮ್ಮವನು ಎರಡು ತಿಂಗಳು ತಲೆ ಕೆಡಿಸಿಕೊಂಡ.

ಆಮೇಲೆ ಅಚ್ಚಾದ ಅಗ್ಗದ ಇಸ್ಪೀಟು ಬಂತು. ಆಟೀನ್, ಕಳಾವರ್, ಡೈಮನ್, ಇಸ್ಪೀಟ್, ನಾಲ್ಕರಲ್ಲಿ ಒಂದರ ಹೆಸರೇ ಇಡೀ ಕಟ್ಟಿಗೆ ಅಂಟಿಕೊಂಡಿತು. ಗಂಜೀಫಾ ಮ್ಯೂಸಿಯಂ ಸೇರಿತು, ಇಸ್ಪೀಟು ಪೇಪರ್ ಸೇರಿತು: 'ಇಸ್ಪೀಟು ಅಡ್ಡೆ ಮೇಲೆ ದಾಳಿ'.

3/5
ಎಲ್ಲಾ ಕಾರ್ಡ್ ಆಟವೂ ಜೂಜೇನಾ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಸಿಕಂದರಾಬಾದಿನ ಒಂದು ಕ್ಲಬ್‌ನಲ್ಲಿ ರಮ್ಮಿ ಆಡ್ತಿದ್ದವರ ಮೇಲೆ ಪೊಲೀಸ್ ಕೇಸು ಬಿತ್ತು. 1967ರಲ್ಲಿ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಮೂರೆಲೆ ಆಟ ಪೂರ್ತಿ ಅದೃಷ್ಟದ್ದು, ರಮ್ಮಿ ಹಾಗಲ್ಲ. ಯಾವ ಎಲೆ ಬಿತ್ತು ಅಂತ ನೆನಪಿಡಬೇಕು, ಯಾವುದನ್ನ ಇಟ್ಕೋಬೇಕು, ಯಾವುದನ್ನ ಬಿಡಬೇಕು ಅಂತ ಯೋಚಿಸಬೇಕು, ಅದಕ್ಕೆ ಕೌಶಲ ಬೇಕು. ನಮ್ಮ ರಾಜ್ಯದ 1963ರ ಪೊಲೀಸ್ ಕಾಯ್ದೆಯ 176ನೇ ಸೆಕ್ಷನ್ ಕೂಡ ಬರೀ ಕೌಶಲದ ಆಟಗಳನ್ನ ಜೂಜಿನ ಲೆಕ್ಕದಿಂದ ಹೊರಗಿಟ್ಟಿತ್ತು.

ತಾತ ಆಡಿದ್ದು ಅಂದರ್ ಬಾಹರ್. ಎಲೆ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅಷ್ಟೇ. ಅಲ್ಲಿ ಯಾವ ಬುದ್ಧಿಯೂ ನಡೆಯಲ್ಲ. ಮೊಮ್ಮಗ ಆಡ್ತಿರೋದು ಬೇರೆ. ಆದರೆ ಇದನ್ನ ಊಟದ ಹೊತ್ತಲ್ಲಿ ಅಪ್ಪನಿಗೆ ಹೇಳೋಕೆ ಆಗುತ್ತಾ?

ಲಾಸ್ಟ್ ಚಾನ್ಸ್ ಅನ್ನೋದರ ಕಥೆಯೂ ಸ್ವಲ್ಪ ಕೇಳಿ. ಪೋಕೆಮಾನ್ ವಿಶ್ವ ಚಾಂಪಿಯನ್‌ಷಿಪ್ ಕಾರ್ಡ್ ಆಟದಿಂದ ಶುರುವಾಗಿ, 2009ರಲ್ಲಿ ವಿಡಿಯೊ ಗೇಮನ್ನೂ ಸೇರಿಸಿಕೊಂಡಿತು. ಎಷ್ಟೋ ವರ್ಷ ಮುಖ್ಯ ಸ್ಪರ್ಧೆಯ ಹಿಂದಿನ ದಿನ ಒಂದು ಓಪನ್ ಸ್ಪರ್ಧೆ ಇಡ್ತಿದ್ರು. ಅರ್ಹತೆ ಸಿಗದೇ ಇದ್ದವರು ಸ್ವಂತ ಖರ್ಚಲ್ಲಿ ಹೋಗಿ, ಸಾಲಾಗಿ ಗೆದ್ದು, ಮಾರನೇ ದಿನದ ಟೇಬಲ್ ಸೇರಬಹುದಿತ್ತು. ಸೋತರೆ ಪ್ರೇಕ್ಷಕರ ಸಾಲು. ಆಟಗಾರರು ಅದನ್ನ 'ಗ್ರೈಂಡರ್' ಅಂತಿದ್ರು. ರಾಗಿ ಬೀಸೋ ಕಲ್ಲು ನೋಡಿದವರಿಗೆ ಹೆಸರು ಸರಿಯಾಗೇ ಇದೆ ಅನಿಸುತ್ತೆ.

4/5
ಈಗ 2021ರ ಅಕ್ಟೋಬರ್‌ಗೆ ಬನ್ನಿ. ಅದೇ ತಿಂಗಳು ವ್ಯಾಲೊರಂಟ್‌ನ ಏಷ್ಯಾ-ಪೆಸಿಫಿಕ್ ಲಾಸ್ಟ್ ಚಾನ್ಸ್ ಕ್ವಾಲಿಫೈಯರ್. ಭಾರತದಿಂದ ಗ್ಲೋಬಲ್ ಇಸ್ಪೋರ್ಟ್ಸ್ ತಂಡ ಆಡ್ತು. ಗೆದ್ದು ಬರ್ಲಿನ್‌ಗೆ ಹೋದದ್ದು ಥಾಯ್ಲೆಂಡಿನ ಫುಲ್ ಸೆನ್ಸ್. ನಮ್ಮವರು ಸೋತರು, ಸರಿ. ಆದರೆ ಅದೇ ವಾರಗಳಲ್ಲಿ ಕರ್ನಾಟಕದಲ್ಲಿ ಏನಾಯ್ತು ಗೊತ್ತಾ?

ಅಕ್ಟೋಬರ್ 5ಕ್ಕೆ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದುಡ್ಡು ಪಣಕ್ಕಿಟ್ಟು ಆಡೋದು ಕೌಶಲದ ಆಟವೇ ಆಗಿದ್ದರೂ ಜೂಜು ಅಂತ ಆಯ್ತು. ಹಲವು ಆ್ಯಪ್‌ಗಳು ಕರ್ನಾಟಕದವರಿಗೆ ಬೀಗ ಹಾಕಿದವು. ಲಾಟರಿಗೂ ಕುದುರೆ ರೇಸಿಗೂ ಮಾತ್ರ ವಿನಾಯಿತಿ! (ಕುದುರೆ ಓಡುತ್ತೆ, ದುಡ್ಡು ಕಟ್ಟಿದವನು ಕೂತಿರ್ತಾನೆ. ಅವನ ಕೌಶಲ ಯಾವುದು ಅಂತ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.) 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡ್ತು. ಕೌಶಲದ ಆಟ ಬೇರೆ, ಜೂಜು ಬೇರೆ ಅನ್ನೋ ಹಳೇ ಗೆರೆಯನ್ನ ಮತ್ತೆ ಎಳೀತು.

ಆಟದ ಹೊರಗೆ ಬಾಗಿಲು ಮುಚ್ಚೋದು ಸರ್ಕಾರ ಒಂದೇ ಅಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್‌ನಲ್ಲಿ ಕಂಚು ತಂದರು. 30 ಎಲೆಯ ಡೆಕ್, ಪೂರ್ತಿ ಸ್ಕ್ರೀನ್ ಮೇಲೆ. ಪ್ರದರ್ಶನ ಸ್ಪರ್ಧೆ ಆಗಿದ್ದರಿಂದ ಅದು ಪದಕ ಪಟ್ಟಿಗೆ ಸೇರಲಿಲ್ಲ. ಮುಂದಿನ ಹಾಂಗ್‌ಝೌ ಕೂಟದಲ್ಲಿ ನಿಜವಾದ ಪದಕ ಇತ್ತು. ಆದರೆ 2023ರ ಜನವರಿಯಲ್ಲಿ ಆ ಆಟದ ಕಂಪನಿಗೂ ಅದರ ಚೀನಾ ಪಾಲುದಾರರಿಗೂ ಒಪ್ಪಂದ ಮುರಿದು ಸರ್ವರ್ ನಿಂತಿತು, ಆಟವನ್ನೇ ಪಟ್ಟಿಯಿಂದ ತೆಗೆದರು. ತಯಾರಾಗಿದ್ದವರಿಗೆ ಯಾವ ಲಾಸ್ಟ್ ಚಾನ್ಸೂ ಇರಲಿಲ್ಲ.

5/5
2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನ ಕ್ರೀಡಾ ಸಚಿವಾಲಯದ ಕೆಳಗೆ ತಂತು. 2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ಹಳೇ ಗೆರೆ ಇಲ್ಲಿ ಅಳಿಸಿಹೋಯ್ತು: ಗೆದ್ದು ದುಡ್ಡು ಮಾಡೋ ಆಸೆಯಿಂದ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಕೌಶಲದ್ದಾದರೂ ನಿಷಿದ್ಧ. ನಡೆಸೋರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಮಾನ್ಯತೆ ಪಡೆದ ಇ-ಸ್ಪೋರ್ಟ್ಸ್ ಮಾತ್ರ ಬೇರೆ. ಅಲ್ಲಿ ಸ್ಪರ್ಧೆಗೆ ಸೇರೋಕೆ, ಖರ್ಚಿಗೆ ಅಂತ ಫೀಸ್ ತಗೋಬಹುದು, ಆಡಿದ್ದಕ್ಕೆ ತಕ್ಕ ಬಹುಮಾನ ಕೊಡಬಹುದು, ಬೆಟ್ಟಿಂಗ್ ಕೂಡದು. ಎದುರುಬದುರು ಕೂತು ಟೇಬಲ್ ಮೇಲೆ ಆಡೋ ಕಾರ್ಡ್ ಆಟ ಈ ಕಾಯ್ದೆಯೊಳಗೆ ಬರಲ್ಲ, ಅದಕ್ಕೆ ರಾಜ್ಯದ ಪೊಲೀಸ್ ಕಾಯ್ದೆಯೇ.

ಅದಕ್ಕೇ ನೀವೂ ಎಲ್ಲಾದರೂ ಹೆಸರು ಕೊಡೋ ಮುಂಚೆ ಫಾರ್ಮ್ ಪೂರ್ತಿ ಓದಿ. ಫೀಸ್ ಯಾತಕ್ಕೆ? ಬಹುಮಾನ ಮೊದಲೇ ಹೇಳಿದ್ದಾರಾ, ಇಲ್ಲ ಎಲ್ಲರ ದುಡ್ಡು ಒಟ್ಟು ಮಾಡಿ ಗೆದ್ದವನಿಗೆ ಕೊಡ್ತಾರಾ? ಎರಡನೇದಾದರೆ ಅದು ಅರಳಿಕಟ್ಟೆ ಆಟವೇ, ಎಸಿ ಹಾಲ್‌ನಲ್ಲಿ ನಡೆದರೂ.

ನಿನ್ನೆ ಸಂಜೆ ನಾವಿಬ್ಬರೂ ಅವನ ಮನೆಗೆ ಹೋಗಿ ಫಾರ್ಮನ್ನ ಅವರಪ್ಪನ ಮುಂದಿಟ್ವಿ. ನಾನು ಮುಮ್ಮಡಿಯಿಂದ ಸುಪ್ರೀಂ ಕೋರ್ಟ್‌ವರೆಗೆ ಭಾಷಣ ಬಿಗಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: 'ಸೋತ್ರೆ ಎಷ್ಟು ಹೋಗ್ತದೆ?'

'ಫೀಸು, ಬಸ್ ಚಾರ್ಜು, ಮಧ್ಯಾಹ್ನದ ಊಟ. ಅಷ್ಟೇ ಅಪ್ಪ.'

'ಮತ್ತೆ ಆಡು ಅಂತ ಅಲ್ಲೇ ಇನ್ನೊಂದ್ಸಲ ದುಡ್ಡು ಕಟ್ಟಿಸ್ಕೊಳಲ್ವಾ?'

'ಇಲ್ಲ. ಸೋತ್ರೆ ಮನೆಗೆ.'

ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೂ ಜೊತೆಗೆ ಬರ್ತೀನಿ, ಕೂತು ನೋಡ್ತೀನಿ ಅಂದರು.

ಫಾರ್ಮ್ ಹೋಯ್ತು. ಈಗ ಅವನ ಡೆಕ್ಕಿಗೆ 60 ಸ್ಲೀವ್ ಬೇಕು, ಎಲ್ಲಾ ಒಂದೇ ಬಣ್ಣದ್ದು. ಯಾರ ಹತ್ರ ಇದೆಯೋ ಶುಕ್ರವಾರದೊಳಗೆ ಕಾಲೇಜಿಗೆ ತಗೊಂಡು ಬನ್ನಿ, ವಾಪಸ್ ಕೊಡ್ತೀವಿ.

#ನಮ್ಮರಾಮನಗರ #ಹೊಸತೊಡಕು #ಗಂಜೀಫಾ #ಲಾಸ್ಟ್‌ಚಾನ್ಸ್