ಬಾಯಿಗೆ ಬಾರದ ಬಹುವಚನ

ಫ್ರೆಂಚ್ ಕಲಿಯಹೊರಟವರನ್ನು ಮೊದಲು ದಿಗಿಲುಗೊಳಿಸುವುದು ಅದರ ಕ್ರಿಯಾಪದ. ‘ಅವನು ಹಾಡುತ್ತಾನೆ’ ಎನ್ನಲು ‘ಈಲ್ ಶಾಂತ್’. ‘ಅವರು ಹಾಡುತ್ತಾರೆ’ ಎನ್ನಲೂ ಅದೇ ‘ಈಲ್ ಶಾಂತ್’. ಕಿವಿಗೆ ಭೇದವಿಲ್ಲ. ಬರೆಯುವಾಗ ಮಾತ್ರ ಬಹುವಚನದ ಕ್ರಿಯಾಪದ ಇ, ಎನ್, ಟಿ ಎಂಬ ಮೂರು ಅಕ್ಷರಗಳಲ್ಲಿ ಮುಗಿಯುತ್ತದೆ, ಮೂರಕ್ಕೂ ದನಿಯಿಲ್ಲ. ಇವೇ ಅಕ್ಷರಗಳು ನಾಮಪದದ ಕೊನೆಗೆ ಬಂದರೆ ಮಾತನಾಡುತ್ತವೆ. ಸನ್ಯಾಸಿನಿಯರ ಮಠಕ್ಕೆ ‘ಕು-ವಾಂ’ ಎಂದು ಎರಡು ಉಚ್ಚಾರಾಂಶ. ಅಕ್ಷರಶಃ ಹಾಗೆಯೇ ಬರೆದ ಪದ, ಕೋಳಿಗಳು ‘ಕಾವು ಕೂರುತ್ತವೆ’ ಎಂಬ ಅರ್ಥದಲ್ಲಿ, ಬರಿಯ ‘ಕೂವ್’.

ಈ ಮೌನಕ್ಕೊಂದು ಚರಿತ್ರೆಯಿದೆ. ಮೂಲವಾದ ಲ್ಯಾಟಿನ್ನಿನಲ್ಲಿ ಅವನು ಹಾಡಿದರೆ ‘ಕಂತತ್’, ಅವರು ಹಾಡಿದರೆ ‘ಕಂತಂತ್’. ಹಳೆಯ ಫ್ರೆಂಚಿನಲ್ಲೂ ಕಡೆಯ ವ್ಯಂಜನ ಕೇಳುತ್ತಿತ್ತು. ಶತಮಾನಗಳು ಉರುಳಿದಂತೆ ಅದು ಸವೆಯಿತು. ನಾಲಗೆ ಬಿಟ್ಟದ್ದನ್ನು ಲೇಖನಿ ಬಿಡಲಿಲ್ಲ.

ನುಡಿದಂತೆ ಬರೆಯೋಣವೆಂದವರು ಇರಲಿಲ್ಲವೆಂದಲ್ಲ. 1550ರಲ್ಲಿ ಲಿಯೋನಿನ ಲೂಯಿ ಮೆಗ್ರೆ ತನ್ನ ವ್ಯಾಕರಣವನ್ನು ಹೊಸ ಕಾಗುಣಿತದಲ್ಲೇ ಅಚ್ಚುಹಾಕಿಸಿದ. ಅದೇ ವರ್ಷ ಲ ಮಾನ್ಸ್ ಊರಿನ ಪೆಲ್ತಿಯೆ ಅವನೊಡನೆ ವಾದಕ್ಕೆ ನಿಂತ. ಅವನೂ ಸುಧಾರಕನೇ; ಆದರೆ ಇಬ್ಬರ ಉಚ್ಚಾರಣೆಯೂ ಒಂದಲ್ಲ. ನುಡಿದಂತೆ ಬರೆಯುವುದಾದರೆ ಯಾರ ನುಡಿ?

ಪಂಡಿತರ ಮನಸ್ಸು ಬೇರೆಯೇ ಇತ್ತು. 1635ರಲ್ಲಿ ಹುಟ್ಟಿದ ಫ್ರೆಂಚ್ ಅಕಾಡೆಮಿಗಾಗಿ 1673ರಲ್ಲಿ ಟಿಪ್ಪಣಿ ಸಿದ್ಧಪಡಿಸಿದ ಇತಿಹಾಸಕಾರ ಮೆಜರೆ, ವಿದ್ಯಾವಂತರನ್ನು ಅಜ್ಞಾನಿಗಳಿಂದಲೂ ಸಾಮಾನ್ಯ ಸ್ತ್ರೀಯರಿಂದಲೂ ಬೇರ್ಪಡಿಸುವ ಹಳೆಯ ಬರವಣಿಗೆಯೇ ಇರಲಿ ಎಂದ. ಕಾಗುಣಿತ ಬೇಲಿಯಾಯಿತು. 1694ರ ಮೊದಲ ನಿಘಂಟು ಒಟ್ಟಿನಲ್ಲಿ ಆ ಹಾದಿಯನ್ನೇ ಹಿಡಿಯಿತು. ಭೂತಕಾಲದ ಕೆಲವು ರೂಪಗಳಲ್ಲಿ ‘ಓ-ಐ’ ತೆಗೆದು ನುಡಿಗೆ ಹೊಂದುವ ‘ಎ-ಐ’ ಬರೆಯಬೇಕೆಂದು ವಾಲ್ಟೇರ್ ಹೇಳಿದ್ದ. ಅವನು ತೀರಿದ್ದು 1778ರಲ್ಲಿ, ಅಕಾಡೆಮಿಯ ನಿಘಂಟು ಒಪ್ಪಿದ್ದು 1835ರಲ್ಲಿ.

ಆದರೂ ಆ ಮೂರಕ್ಷರಗಳನ್ನು ಸತ್ತವೆನ್ನುವುದು ಸಲ್ಲದು. ‘ಅವರು ಹಾಡುತ್ತಾರೆಯೇ?’ ಎಂದು ಪದ ಹಿಂದುಮುಂದಾಗಿಸಿ ಕೇಳಿದರೆ ಕಡೆಯ ‘ಟಿ’ ಎಚ್ಚೆತ್ತು ‘ಶಾಂತತೀಲ್’ ಆಗುತ್ತದೆ. ರಸೀನನ ನಾಟಕಗಳಂಥ ಹನ್ನೆರಡು ಉಚ್ಚಾರಾಂಶಗಳ ಛಂದಸ್ಸಿನಲ್ಲಿ, ಪಾದದ ನಡುವೆ ಬಂದ ‘ಶಾಂತ್’ ಒಂದಲ್ಲ, ಎರಡು. ಆ ಒಂದನ್ನು ಬಿಟ್ಟ ನಟ ಪದ್ಯವನ್ನೇ ಕುಂಟಾಗಿಸುತ್ತಾನೆ.

ಮೆಜರೆಯ ಬೇಲಿಯನ್ನು ಇಂದು ಫ್ರಾನ್ಸಿನ ಪ್ರತಿ ಮಗುವೂ ದಾಟಬೇಕು. ಉಕ್ತಲೇಖನ ಬರೆಯುವಾಗ ಕಿವಿ ಹೇಳದ ಬಹುವಚನವನ್ನು ಬುದ್ಧಿಯಿಂದ ತಿಳಿದು, ಯಾರ ಬಾಯಿಗೂ ಬಾರದ ಅಕ್ಷರಗಳನ್ನು ಅದು ತಪ್ಪದೆ ಬರೆಯಬೇಕು.