ಮೊದಲ ಮೂರು ವಾರಗಳ ಚರಿತ್ರೆ

ಕಳೆದ ಯುಗಾದಿಯ ಮರುವಾರ ನನ್ನ ಸೋದರಳಿಯ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಹಬ್ಬದ ಹೋಳಿಗೆ ಮುಗಿದ ಮರುದಿನದಿಂದಲೇ ಅವನು ಅನ್ನ, ಮುದ್ದೆ, ಚಪಾತಿ, ಸಕ್ಕರೆ ಎಲ್ಲವನ್ನೂ ತ್ಯಜಿಸಿದ್ದನಂತೆ. ಐದನೆಯ ದಿನಕ್ಕೆ ತಲೆನೋವು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಮೇಲೆ ಮಲಬದ್ಧತೆ. ಮನೆಯವರ ಮೇಲೆ ಕಾರಣವಿಲ್ಲದೆ ರೇಗುವುದೂ ಸೇರಿತ್ತೆಂದು ಅವನ ಹೆಂಡತಿ ಹಿಂದಿನಿಂದ ಹೇಳುತ್ತಿದ್ದುದು ನನಗೆ ಕೇಳಿಸಿತು. "ಮಾವ, ನಿಮ್ಮ ಇತಿಹಾಸದಲ್ಲಿ ಯಾರಾದರೂ ಅನ್ನ ಬಿಟ್ಟು ಬದುಕಿದ್ದುಂಟೇ?" ಎಂದು ಕೇಳಿದ. ಪರಿಹಾಸ್ಯಕ್ಕೆ ಕೇಳಿದ ಪ್ರಶ್ನೆ. ಆದರೆ ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟವನಿಗೆ ಇಂಥ ಪ್ರಶ್ನೆಯನ್ನು ಹಾಗೆಯೇ ಬಿಡಲಾಗುವುದಿಲ್ಲ.

ಈ ಆಹಾರಕ್ರಮದ ಚರಿತ್ರೆಯನ್ನು ಸಾಮಾನ್ಯವಾಗಿ ಲಂಡನ್ನಿನ ವಿಲಿಯಂ ಬಾಂಟಿಂಗ್‌ನಿಂದ ಆರಂಭಿಸುತ್ತಾರೆ. ಶ್ರೀಮಂತರ ಶವಸಂಸ್ಕಾರದ ವ್ಯವಸ್ಥೆ ಮಾಡುವ ಮನೆತನದವನು. ಐದಡಿ ಐದಂಗುಲ ಎತ್ತರಕ್ಕೆ 202 ಪೌಂಡ್ ತೂಕ. ಬಗ್ಗಿ ಪಾದರಕ್ಷೆಯ ದಾರ ಕಟ್ಟಲಾರದಷ್ಟು ಸ್ಥೂಲ. 1862ರಲ್ಲಿ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರು (ರಕ್ತಪರಿಚಲನೆಯ ಹಾರ್ವೆ ಅಲ್ಲ, ಅವರು ಇನ್ನೂರು ವರ್ಷ ಹಿಂದಿನವರು) ಅವನಿಗೆ ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಡಿಸಿದರು. ಮರುವರ್ಷ ಬಾಂಟಿಂಗ್ ತನ್ನ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿ ಹಂಚಿದ. ಅದು ಎಷ್ಟು ಜನಪ್ರಿಯವಾಯಿತೆಂದರೆ ಇಂದಿಗೂ ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸಲು ಪಥ್ಯಮಾಡುವುದಕ್ಕೆ 'ಬಾಂಟ' ಎಂಬ ಕ್ರಿಯಾಪದವೇ ಇದೆ. ಆದರೆ ನನ್ನ ಅಳಿಯನ ಪ್ರಶ್ನೆಗೆ ಬಾಂಟಿಂಗ್‌ನಿಂದ ಹೆಚ್ಚು ಸಹಾಯವಿಲ್ಲ. ಅವನು ಒಂದೆರಡು ತುಂಡು ಸುಟ್ಟ ರೊಟ್ಟಿಯನ್ನೂ ಹಣ್ಣನ್ನೂ ದ್ರಾಕ್ಷಾರಸವನ್ನೂ ಉಳಿಸಿಕೊಂಡಿದ್ದನಾದ್ದರಿಂದ ಆರಂಭದ ಕಷ್ಟ ಅವನಿಗೆ ಅಷ್ಟಾಗಿ ತಟ್ಟಿದಂತೆ ಕಾಣುವುದಿಲ್ಲ.

ಆ ಕಷ್ಟವನ್ನು ಸ್ಪಷ್ಟವಾಗಿ ಬರೆದಿಟ್ಟವನು ವೈದ್ಯಶಾಸ್ತ್ರ ಓದಿದ್ದ ಒಬ್ಬ ಸೈನಿಕ.

ನನ್ನ ವಿದ್ಯಾರ್ಥಿಗಳಿಗೆ ಸರ್ ಜಾನ್ ಫ್ರಾಂಕ್ಲಿನ್ನನ ಹೆಸರು ನೆನಪಿರಬಹುದು. 1845ರಲ್ಲಿ ಉತ್ತರಧ್ರುವದ ಮಾರ್ಗವಾಗಿ ಏಷ್ಯಾಕ್ಕೆ ದಾರಿ ಹುಡುಕಲು ಹೊರಟು, ಎರಡು ಹಡಗು ಮತ್ತು 129 ಜನರೊಂದಿಗೆ ಹಿಮದಲ್ಲಿ ಮರೆಯಾದವನು. ಆ ಹಡಗುಗಳ ಅವಶೇಷಗಳು ಸಿಕ್ಕಿದ್ದು 2014 ಮತ್ತು 2016ರಲ್ಲಿ. ಆ ದಂಡಿನ ದಾಖಲೆಪತ್ರಗಳನ್ನು ಹುಡುಕಲು 1878ರಲ್ಲಿ ಅಮೆರಿಕದಿಂದ ಹೊರಟವನು ಲೆಫ್ಟಿನೆಂಟ್ ಫ್ರೆಡೆರಿಕ್ ಶ್ವಾಟ್ಕಾ. ಸೇನೆಯಲ್ಲಿದ್ದುಕೊಂಡೇ ವಕೀಲಿಯನ್ನೂ ಓದಿ, ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನಲ್ಲಿ ಪದವಿಯನ್ನೂ ಪಡೆದಿದ್ದ ವಿಚಿತ್ರ ಪ್ರತಿಭಾವಂತ. ಬೆಲ್‌ವ್ಯೂ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1879ರ ಏಪ್ರಿಲ್ 1ರಂದು ಶ್ವಾಟ್ಕಾ ಮೂವರು ಬಿಳಿಯ ಸಂಗಡಿಗರು ಮತ್ತು ಹನ್ನೆರಡಕ್ಕೂ ಮಿಕ್ಕ ಇನೂಯಿಟ್ ಜನರೊಂದಿಗೆ ಹಡ್ಸನ್ ಕೊಲ್ಲಿಯಿಂದ ನಾಯಿಗಳೆಳೆಯುವ ಜಾರುಬಂಡಿಗಳಲ್ಲಿ ಹೊರಟ. (ನಮ್ಮ ಕಾಲದ ಪಠ್ಯಪುಸ್ತಕಗಳಲ್ಲಿ 'ಎಸ್ಕಿಮೋ' ಎಂದಿದ್ದವರೇ ಇನೂಯಿಟ್ ಜನ, ಆ ಹೆಸರನ್ನು ಅವರಲ್ಲಿ ಅನೇಕರು ಈಗ ಒಪ್ಪುವುದಿಲ್ಲ.) ಕಟ್ಟಿಕೊಂಡಿದ್ದ ಆಹಾರ ಸುಮಾರು ಒಂದು ತಿಂಗಳಿಗಾಗುವಷ್ಟು. ನಡೆದದ್ದು ಹನ್ನೊಂದು ತಿಂಗಳು, 5,200 ಕಿಲೋಮೀಟರಿಗೂ ಹೆಚ್ಚು. ಉಳಿದ ಕಾಲವೆಲ್ಲ ಬೇಟೆಯಾಡಿದ ಹಿಮಸಾರಂಗವೇ ಮೊದಲಾದ ಪ್ರಾಣಿಗಳ ಮಾಂಸ ಮತ್ತು ಕೊಬ್ಬು ಮಾತ್ರ. ಫ್ರಾಂಕ್ಲಿನ್ನನ ಜನ ಡಬ್ಬಿಯ ಆಹಾರ ಹೊತ್ತುಕೊಂಡು ಹೋಗಿ ಸತ್ತ ನೆಲದಲ್ಲಿಯೇ ಇವರೆಲ್ಲ ಜೀವಂತವಾಗಿ ಹಿಂದಿರುಗಿದರು.

ಶ್ವಾಟ್ಕಾ ತನ್ನ ದಿನಚರಿಯಲ್ಲಿ ಗಮನಿಸಿದ್ದು ಇದು: ಮೊದಲು ಕೇವಲ ಹಿಮಸಾರಂಗದ ಮಾಂಸದ ಮೇಲೆ ನಿಲ್ಲಬೇಕಾಗಿ ಬಂದಾಗ ಅದು ದೇಹಕ್ಕೆ ಸಾಲದೆಂದು ತೋರುತ್ತದೆ, ಶಕ್ತಿ ಉಡುಗುತ್ತದೆ, ಕಠಿಣವಾದ ನಡಿಗೆ ಅಸಾಧ್ಯವಾಗುತ್ತದೆ. ಆದರೆ ಎರಡು ಮೂರು ವಾರಗಳಲ್ಲಿ ಈ ದೌರ್ಬಲ್ಯ ಮಾಯವಾಗುತ್ತದೆ. ವೈದ್ಯನ ಕಣ್ಣು ಇದ್ದುದರಿಂದಲೇ ಅವನು ಇಷ್ಟನ್ನು ಕಾಲಾವಧಿಯೊಂದಿಗೆ ದಾಖಲಿಸಿದನೆಂದು ನನ್ನ ಊಹೆ. ದುರ್ದೈವವೆಂದರೆ ಆ ದಿನಚರಿ ಅಚ್ಚಾದದ್ದು 1965ರಲ್ಲಿ, ಪ್ರಯಾಣ ಮುಗಿದ ಎಂಬತ್ತೈದು ವರ್ಷಗಳ ಮೇಲೆ.

ಮುಂದಿನ ಅಧ್ಯಾಯ ವಿಲ್ಯಾಲ್ಮರ್ ಸ್ಟೆಫಾನ್ಸನ್ನನದು. ಐಸ್‌ಲ್ಯಾಂಡಿನಿಂದ ಕೆನಡಾಕ್ಕೆ ವಲಸೆ ಬಂದ ಕುಟುಂಬದ ಈ ಮಾನವಶಾಸ್ತ್ರಜ್ಞ 1906ರಿಂದ ಇನೂಯಿಟ್ ಜನರ ನಡುವೆ ಹಲವು ವರ್ಷ ಮಾಂಸ, ಮೀನುಗಳನ್ನೇ ತಿಂದು ಬಾಳಿದವನು. ಮರಳಿ ಬಂದು ಹೇಳಿದಾಗ ನಗರದ ವೈದ್ಯರು ನಂಬಲಿಲ್ಲ. ಆಗ ಅವನೂ ಅವನ ಹಳೆಯ ಸಂಗಡಿಗ ಕಾರ್ಸ್ಟೆನ್ ಆಂಡರ್ಸನ್ನನೂ 1928ರಲ್ಲಿ ತಾವಾಗಿಯೇ ಆಸ್ಪತ್ರೆಗೆ ಸೇರಿ, ಒಂದು ವರ್ಷಕಾಲ ಮಾಂಸವನ್ನಷ್ಟೇ ತಿನ್ನುವ ಪ್ರಯೋಗಕ್ಕೆ ಒಡ್ಡಿಕೊಂಡರು. ಆ ಆಸ್ಪತ್ರೆ ನ್ಯೂಯಾರ್ಕಿನ ಬೆಲ್‌ವ್ಯೂ! ಶ್ವಾಟ್ಕಾ ಓದಿದ ಸ್ಥಳದಲ್ಲಿಯೇ, ಅರ್ಧ ಶತಮಾನದ ಅನಂತರ, ಅವನ ಅನುಭವದ ಪರೀಕ್ಷೆ ನಡೆಯಿತು. ಯೂಜೀನ್ ಡುಬಾಯ್ಸ್ ಮತ್ತು ವಾಲ್ಟರ್ ಮೆಕ್ಲೆಲನ್ ಎಂಬ ವೈದ್ಯರು ಅದನ್ನು ನಡೆಸಿದರು. ವರದಿ 1930ರಲ್ಲಿ ಪ್ರಕಟವಾಯಿತು.

ಆರಂಭದಲ್ಲಿ ವೈದ್ಯರ ಕೋರಿಕೆಯಂತೆ ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸವನ್ನು ಮಾತ್ರ ಕೊಟ್ಟರು. ಮೂರನೆಯ ದಿನಕ್ಕೆ ಹೊಟ್ಟೆ ಕೆಟ್ಟು ಭೇದಿ ಹಿಡಿಯಿತು. ಅವನಿಗೆ ಇದು ಅನಿರೀಕ್ಷಿತವೇನಲ್ಲ. ಉತ್ತರದ ಕಾಡುಗಳಲ್ಲಿ ಬರಿಯ ಮೊಲದ ಮಾಂಸ ತಿಂದು ಬದುಕಬೇಕಾದವರು ಹೊಟ್ಟೆ ತುಂಬ ತಿಂದರೂ ಒಂದು ವಾರದಲ್ಲಿ ತಲೆನೋವು, ಭೇದಿ, ನಿಶ್ಶಕ್ತಿಗಳಿಂದ ನರಳುತ್ತಾರೆಂದೂ, ಅದಕ್ಕೆ 'ಮೊಲದ ಉಪವಾಸ' ಎಂಬ ಹೆಸರಿದೆಯೆಂದೂ ಅವನೇ ಬರೆದಿದ್ದಾನೆ. ಮೊಲದಲ್ಲಿ ಕೊಬ್ಬು ಅತ್ಯಲ್ಪ. ಕೊಬ್ಬಿರುವ ಮಾಂಸ ಕೊಟ್ಟ ಕೂಡಲೇ ಎರಡು ದಿನಗಳಲ್ಲಿ ಅವನು ಚೇತರಿಸಿಕೊಂಡ. ಆಮೇಲೆ ಇಬ್ಬರ ಆಹಾರದಲ್ಲಿಯೂ ಶಕ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಬಂದದ್ದು ಕೊಬ್ಬಿನಿಂದಲೇ. ಮೊದಲ ವಾರದಲ್ಲಿ ಇಬ್ಬರೂ ತೂಕ ಕಳೆದುಕೊಂಡರು. ಅದು ದೇಹದ ನೀರಿನಲ್ಲಾದ ಬದಲಾವಣೆಯೆಂದು ವೈದ್ಯರು ಆಗಲೇ ಗುರುತಿಸಿದರು.

ಆ ನೀರು ಹೋಗುವುದೆಲ್ಲಿಗೆ ಎಂಬುದು ಈಗ ಚೆನ್ನಾಗಿ ತಿಳಿದಿದೆ. ನಾವು ತಿಂದ ಪಿಷ್ಟದ ಒಂದು ಭಾಗ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಆಗಿ ಕೂಡಿಡಲ್ಪಡುತ್ತದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಪಿಷ್ಟ ನಿಂತರೆ ಈ ದಾಸ್ತಾನು ಕರಗಿ ನೀರು ಹೊರಬೀಳುತ್ತದೆ. ಜೊತೆಗೆ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆ ಮೂತ್ರಪಿಂಡಗಳಿಗೆ ಹೇಳುವುದೂ ಇನ್ಸುಲಿನ್‌ನ ಕೆಲಸಗಳಲ್ಲೊಂದು. ಹೇಳುವವರಿಲ್ಲವಾದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಧಾರಾಳವಾಗಿ ಚೆಲ್ಲುತ್ತವೆ, ಹಿಂದೆಯೇ ನೀರು, ಅದರ ಹಿಂದೆ ಪೊಟ್ಯಾಸಿಯಂ. ತಲೆಸುತ್ತು, ತಲೆನೋವು, ಸೆಳೆತ ಇವುಗಳ ಬಹುಪಾಲು ಇಲ್ಲಿಂದ ಬಂದವು. ಮೊದಲ ವಾರ ಎರಡು ಕಿಲೋ ಇಳಿಯಿತೆಂದು ಹಿಗ್ಗುವವರು ಇಳಿದದ್ದು ಹೆಚ್ಚಾಗಿ ನೀರೆಂಬುದನ್ನು ಅರಿಯರು. ಮಿದುಳಿನ ಕಥೆ ಬೇರೆ. ಸಕ್ಕರೆಗೆ ಒಗ್ಗಿದ ಮಿದುಳು ಕೊಬ್ಬಿನಿಂದ ಹುಟ್ಟುವ ಕೀಟೋನ್‌ಗಳನ್ನು ಉರುವಲಾಗಿ ಬಳಸಬಲ್ಲದೆಂದು ಬಾಸ್ಟನ್ನಿನಲ್ಲಿ ಆಲಿವರ್ ಓವನ್, ಜಾರ್ಜ್ ಕಾಹಿಲ್ ಮೊದಲಾದವರು 1967ರಲ್ಲಿ ತೋರಿಸಿಕೊಟ್ಟರು. ಆದರೆ ಈ ಹೊಂದಾಣಿಕೆಗೆ ದಿನಗಳು ಬೇಕು. ಆ ದಿನಗಳಲ್ಲಿ ಉಸಿರಿಗೆ ಬರುವ ವಿಚಿತ್ರ ವಾಸನೆ ಅಸಿಟೋನಿನದು.

ಇಷ್ಟೆಲ್ಲ ಗೊತ್ತಾದ ಮೇಲೂ ಅನಾಹುತ ತಪ್ಪಲಿಲ್ಲ. 1976ರ ಸುಮಾರಿಗೆ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನನ್ನಷ್ಟೇ ಕುಡಿದು ತೂಕ ಇಳಿಸುವ ಹುಚ್ಚು ಹಬ್ಬಿತು. ಚರ್ಮ ಮೂಳೆಗಳಿಂದ ತೆಗೆದ ಕಳಪೆ ಪ್ರೋಟೀನು. ಕೊಬ್ಬಿಲ್ಲ, ಸಾಕಷ್ಟು ಲವಣಗಳಿಲ್ಲ. ಐವತ್ತಕ್ಕೂ ಹೆಚ್ಚು ಜನ, ಹಲವರು ಹೃದಯದ ಬಡಿತ ತಪ್ಪಿ, ಸತ್ತರು. ಕಾಡಿನ ಬೇಟೆಗಾರರು ಅರಿತಿದ್ದ 'ಮೊಲದ ಉಪವಾಸ' ಇಲ್ಲಿ ಸೀಸೆಯಲ್ಲಿ ಮಾರಾಟವಾಗಿತ್ತು.

ಶ್ವಾಟ್ಕಾನ ಎರಡು ಮೂರು ವಾರಗಳನ್ನು ಪ್ರಯೋಗಾಲಯದಲ್ಲಿ ಅಳೆದವರು ಸ್ಟೀಫನ್ ಫಿನ್ನಿ ಎಂಬ ವೈದ್ಯ-ವಿಜ್ಞಾನಿ. 1980ರ ಅವರ ಪ್ರಯೋಗದಲ್ಲಿ ಆರು ಮಂದಿ ಸ್ಥೂಲಕಾಯರನ್ನು ಓಡುವ ಯಂತ್ರದ ಮೇಲೆ ನಡೆಸಲಾಯಿತು. ಉಪ್ಪು, ಪೊಟ್ಯಾಸಿಯಂಗಳನ್ನು ಬೇರೆಯಾಗಿ ಕೊಡಲಾಗುತ್ತಿತ್ತು. ಒಂದು ವಾರದ ಕೊನೆಗೆ ನಡೆಯುವ ಶಕ್ತಿ ಮೊದಲಿಗಿಂತ ಕುಂದಿತ್ತು. ಆರು ವಾರಗಳ ಕೊನೆಗೆ ಮೊದಲಿಗಿಂತ ಬಹಳ ಹೆಚ್ಚಿತ್ತು. ಆರನೆಯ ವಾರ ನಡೆಯುವಾಗ, ಕಳೆದುಕೊಂಡ ತೂಕದಷ್ಟೇ ಭಾರದ ಚೀಲವನ್ನು ಬೆನ್ನಿಗೆ ಕಟ್ಟಿದ್ದರು! ಪ್ರಯೋಗ ಮಾಡುವವರ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾದದ್ದು ಇಲ್ಲಿ. 1983ರಲ್ಲಿ ಐವರು ಸೈಕಲ್ ಪಟುಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ನಾಲ್ಕು ವಾರಗಳ ಬಳಿಕವೂ ಅವರ ದೀರ್ಘಶ್ರಮದ ಶಕ್ತಿ ಸರಾಸರಿಯಲ್ಲಿ ಕುಂದಲಿಲ್ಲ, ಆದರೆ ಒಮ್ಮೆಲೆ ರಭಸದಿಂದ ತುಳಿಯುವ ಶಕ್ತಿ ತಗ್ಗಿತು. ತೀರ ಸಣ್ಣ ಪ್ರಯೋಗಗಳೆಂಬುದನ್ನೂ ಹೇಳಬೇಕು.

ಅಳಿಯನಿಗೆ ಇಷ್ಟನ್ನೂ ಹೇಳುವ ಮೊದಲು ನಾನು ಕೇಳಿದ್ದು, ಏನೇನು ತಿನ್ನುತ್ತಿದ್ದೀಯೆಂದು. ಅನ್ನದೊಂದಿಗೆ ತುಪ್ಪವನ್ನೂ ಬಿಟ್ಟಿದ್ದ, ಕೊಬ್ಬು ಕೆಟ್ಟದ್ದೆಂದು. ಉಪ್ಪನ್ನೂ ಬಿಟ್ಟಿದ್ದ, ಅದೂ ಕೆಟ್ಟದ್ದೆಂದು. ಉಳಿದದ್ದು ಮೊಟ್ಟೆಯ ಬಿಳಿಯ ಭಾಗ ಮತ್ತು ಸೌತೆಕಾಯಿ. ಶ್ವಾಟ್ಕಾನ ಜೊತೆಯ ಇನೂಯಿಟ್ ಜನ ಇದನ್ನು ಕೇಳಿದ್ದರೆ ನಗುತ್ತಿದ್ದರು. ಅವರಲ್ಲಿ ಮಾಂಸ ಬೇಯಿಸಿದ ನೀರನ್ನು ಚೆಲ್ಲುವ ಪದ್ಧತಿಯಿಲ್ಲ, ಕುಡಿಯುತ್ತಾರೆ. ಕರಗಿಹೋದ ಲವಣ ಹೀಗೆ ಹೊಟ್ಟೆ ಸೇರುತ್ತದೆ. ನಮ್ಮಲ್ಲಿ ಬೇಳೆ ಬೇಯಿಸಿದ ಕಟ್ಟನ್ನು ಸಾರಿಗೆ ಬಳಸುವಂತೆ.

ಅವನಿಗೆ ರಕ್ತದೊತ್ತಡವಿಲ್ಲ, ಮೂತ್ರಪಿಂಡದ ತೊಂದರೆಯಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಯೂ ಇಲ್ಲ. ಇದ್ದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಏಕೆಂದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ರಕ್ತದೊತ್ತಡಕ್ಕೆ ಔಷಧಿ ಸೇವಿಸುವವರು ಪಿಷ್ಟವನ್ನು ಹಠಾತ್ತನೆ ಬಿಟ್ಟರೆ ಔಷಧಿಯ ಪ್ರಮಾಣ ಹೆಚ್ಚಾಗಿ, ಸಕ್ಕರೆಯೋ ಒತ್ತಡವೋ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅಂಥವರು ವೈದ್ಯರನ್ನು ಕಂಡ ಮೇಲೆಯೇ ಮುಂದುವರಿಯಬೇಕು. ಈ ಪುಟ ಓದುವ ನನ್ನ ವಯಸ್ಸಿನ ಬಂಧುಗಳಲ್ಲಿ ಹೆಚ್ಚಿನವರು ಆ ಗುಂಪಿನವರೇ.

ಅವನೂ ವೈದ್ಯರನ್ನು ಕಂಡುಬಂದ. ಉಪ್ಪು ಹಾಕಿದ ತೆಳುಮಜ್ಜಿಗೆ, ಸಾರು, ಹೆಚ್ಚು ನೀರು, ಸೊಪ್ಪು, ಇಡಿಯ ಮೊಟ್ಟೆ, ತುಪ್ಪ. ಮೊದಲ ವಾರಗಳಲ್ಲಿ ಬೆಳಗಿನ ಓಟ ಬೇಡ, ನಡಿಗೆ ಸಾಕು ಎಂದರಂತೆ. ಎರಡು ದಿನಗಳಲ್ಲಿ ತಲೆನೋವು ಹೋಯಿತು, ಸೆಳೆತಕ್ಕೆ ಒಂದು ವಾರ ಹಿಡಿಯಿತು, ಮೆಟ್ಟಿಲ ದಣಿವು ಹೋಗಲು ಮೂರನೆಯ ವಾರ ಬರಬೇಕಾಯಿತು. ರೇಗುವುದು ಕಡಿಮೆಯಾಯಿತೇ ಎಂದು ಅವನ ಹೆಂಡತಿಯನ್ನು ಕೇಳಿದೆ. "ಅದು ಮೊದಲಿನಷ್ಟೇ ಇದೆ ಚಿಕ್ಕಪ್ಪ, ಅದಕ್ಕೂ ಅನ್ನಕ್ಕೂ ಸಂಬಂಧವಿರಲಿಲ್ಲ ಅಂತ ಕಾಣುತ್ತೆ" ಎಂದಳು.