ಚತುಸ್ಸೀಮೆಯಿಂದ ಚಕ್ಕುಬಂದಿಯವರೆಗೆ: ಜಮೀನಿನ ಎಲ್ಲೆ ಮತ್ತು ಅಳತೆಗಾರ

ಕರ್ನಾಟಕದ ಭೂಹಿಡುವಳಿಯ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕಂದಾಯ, ಒಡೆತನ ಮತ್ತು ಗೇಣಿಯ ಸುತ್ತ ನಡೆದಿವೆ. ಒಂದು ಹೊಲ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಆರಂಭವಾಗುತ್ತದೆ, ಅದನ್ನು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಆದರೆ ಜಮೀನು ಕೊಳ್ಳುವವನೂ ಭಾಗ ಮಾಡಿಕೊಳ್ಳುವ ಅಣ್ಣತಮ್ಮಂದಿರೂ ಬೇಲಿ ಹಾಕಲು ಹೊರಟ ರೈತನೂ ಮೊದಲು ಎದುರಿಸುವುದು ಈ ಪ್ರಶ್ನೆಯನ್ನೇ. ಎಲ್ಲೆಯನ್ನು ತಾವೇ ಗೊತ್ತುಮಾಡಿಕೊಳ್ಳಬಹುದೇ, ಅಳತೆಗಾರನನ್ನು ಕರೆಸಬೇಕೇ ಎಂಬ ಅವರ ಅನುಮಾನಕ್ಕೆ ದೀರ್ಘವಾದ ಇತಿಹಾಸವಿದೆ.

ಈ ಅನುಮಾನವನ್ನು ನೇರವಾಗಿ ಎತ್ತಿಕೊಂಡ ಹಳೆಯ ಗ್ರಂಥವೊಂದು ನಮ್ಮ ನೆಲದಲ್ಲೇ ರಚಿತವಾಯಿತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸೀಮಾವಿವಾದಕ್ಕೇ ಒಂದು ಪ್ರಕರಣ ಮೀಸಲಾಗಿದೆ. ಅಲ್ಲಿನ ಕ್ರಮ ಸ್ಪಷ್ಟವಾದುದು. ಮೊದಲು ನೆರೆಯ ಹೊಲದವರು, ವೃದ್ಧರು, ದನಗಾಹಿಗಳು, ಎಲ್ಲೆಯ ಬಳಿ ಉಳುವವರು, ಕಾಡಿನಲ್ಲಿ ಅಲೆಯುವವರು ಇವರನ್ನು ಕೇಳಬೇಕು. ದಿಬ್ಬ, ಮರ, ಹುತ್ತ, ತಗ್ಗು ಮುಂತಾದ ಗುರುತುಗಳನ್ನು ನೋಡಬೇಕು. ಅದು ಸಾಲದಾದರೆ ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ಕೆಂಪು ಹೂಮಾಲೆ, ಕೆಂಪು ಬಟ್ಟೆ ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು ಎಲ್ಲೆಯುದ್ದಕ್ಕೂ ನಡೆದು ತೋರಿಸಬೇಕು. ಸುಳ್ಳು ಹೇಳಿದರೆ ಒಬ್ಬೊಬ್ಬನಿಗೂ ದಂಡ. ಬಲ್ಲವರೂ ಇಲ್ಲ, ಗುರುತೂ ಇಲ್ಲ ಎಂದಾಗ ಮಾತ್ರ ರಾಜನು ತಾನೇ ಗಡಿಯನ್ನು ಪ್ರವರ್ತಿಸಬೇಕು. ಪ್ರಭುತ್ವದ ಪ್ರವೇಶ ಇಲ್ಲಿ ಕಟ್ಟಕಡೆಯದು ಎಂಬುದು ಗಮನಾರ್ಹ.

ಶಾಸನಗಳ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ದಾನ ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಮೂಡಣ, ತೆಂಕಣ, ಪಡುವಣ, ಬಡಗಣ ದಿಕ್ಕುಗಳನ್ನು ಕ್ರಮವಾಗಿ ಹಿಡಿದು ಹಳ್ಳ, ಕೆರೆ, ಹುಣಿಸೆ, ಆಲ, ಹುತ್ತ, ನಟ್ಟ ಕಲ್ಲು ಎಂದು ಎಣಿಸುತ್ತ ಹೋಗುತ್ತಾರೆ. ಓದುತ್ತ ಹೋದರೆ ಒಬ್ಬರು ಗಡಿಯ ಮೇಲೆ ನಡೆಯುತ್ತಿರುವಂತೆಯೇ ಭಾಸವಾಗುತ್ತದೆ. ಸಂಸ್ಕೃತದಲ್ಲಿ ಪ್ರಶಸ್ತಿಯನ್ನು ಹೇಳುವ ಅನೇಕ ತಾಮ್ರಪಟಗಳು ಸೀಮೆಯ ವಿವರಕ್ಕೆ ಬಂದೊಡನೆ ಕನ್ನಡಕ್ಕೆ ಹೊರಳುತ್ತವೆ. ರಾಜನ ವಂಶಾವಳಿ ಯಾರಿಗೆ ಅರ್ಥವಾಗದಿದ್ದರೂ ನಡೆಯುತ್ತಿತ್ತು. ಎಲ್ಲೆ ಮಾತ್ರ ಊರವರಿಗೆ ಅರ್ಥವಾಗಲೇಬೇಕಿತ್ತು. ಅಕ್ಷರ ಬಾರದವರಿಗಾಗಿ ಶಿವನ ದತ್ತಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನ ದತ್ತಿಗೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲುಗಳನ್ನು ನೆಡುತ್ತಿದ್ದರು. ಕ್ಷೇತ್ರಕಾರ್ಯದಲ್ಲಿ ಇಂತಹ ಕಲ್ಲುಗಳು ಬಾವಿಯ ಬಳಿ ಬಟ್ಟೆ ಒಗೆಯುವ ಹಾಸಾಗಿ ಸಿಕ್ಕಿರುವುದುಂಟು. ಕಲ್ಲು ಉಳಿದಿದೆ, ಎಲ್ಲೆ ಉಳಿದಿಲ್ಲ.

ಹಾಗೆಂದು ಅಳತೆ ಇರಲಿಲ್ಲವೆಂದಲ್ಲ. ಮತ್ತರು, ಕಮ್ಮಗಳ ಲೆಕ್ಕವೂ ಊರಿಂದೂರಿಗೆ ಬದಲಾಗುವ ಗಳೆಗಳೂ ಇದ್ದವು. ಬಳ್ಳಿಗಾವೆಯ ಶಾಸನಗಳಲ್ಲಿ ಭೇರುಂಡ ಗಳೆಯ ಹೆಸರು ಬರುತ್ತದೆ. ಬಿತ್ತುವ ಬೀಜದ ಪ್ರಮಾಣದಿಂದ ಗದ್ದೆಯನ್ನು ಖಂಡುಗ, ಕೊಳಗ ಎಂದು ಗುರುತಿಸುವ ರೂಢಿ ಮೈಸೂರು ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಬಳಕೆಯಲ್ಲಿತ್ತು. ಕೆಳದಿಯ ಶಿವಪ್ಪನಾಯಕನ (1645–1660) ಹೆಸರಿನ ಶಿಸ್ತು ಕೂಡ ಮುಖ್ಯವಾಗಿ ತೆರಿಗೆಯ ನಿಗದಿಗೆ ಸಂಬಂಧಿಸಿದ್ದು. ವಿಸ್ತೀರ್ಣ ತಿಳಿಯಬೇಕಾದುದು ಅರಮನೆಗೆ. ಗಡಿ ತಿಳಿಯಬೇಕಾದುದು ನೆರೆಯವನಿಗೆ. ಈ ಎರಡನ್ನೂ ಬೆರೆಸಿ ನೋಡುವುದು ತೀರ ಈಚಿನ ಅಭ್ಯಾಸ.

ಬೆರಕೆ ಆರಂಭವಾದುದು ಬ್ರಿಟಿಷರ ಕಂದಾಯ ಮೋಜಣಿಯಿಂದ. 1799ರ ನಂತರ ಕಾಲಿನ್ ಮೆಕೆಂಜಿಯು ಮೈಸೂರಿನಲ್ಲಿ ನಡೆಸಿದ ಸರ್ವೆಯಾಗಲಿ, ಲ್ಯಾಂಬ್ಟನ್ನನ ತ್ರಿಕೋನಮಿತೀಯ ಸರ್ವೆಯಾಗಲಿ ಯಾವ ರೈತನ ಹೊಲದ ಬದುವನ್ನೂ ಗೊತ್ತುಪಡಿಸಲಿಲ್ಲ. ಅವು ದೇಶದ ನಕ್ಷೆಗಾಗಿ ನಡೆದವು. ಹೊಲದೊಳಗೆ ಸರಪಣಿ ಬಂದುದು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ಪುಣೆಯ ಇಂದಾಪುರದಲ್ಲಿ ಆರಂಭಿಸಿದ ಮುಂಬಯಿ ಪದ್ಧತಿಯ ಮೂಲಕ. 1847ರ ಜಂಟಿ ವರದಿಯಲ್ಲಿ ಅದರ ನಿಯಮಗಳು ನೆಲೆಗೊಂಡವು. ಧಾರವಾಡದ ಕಡೆ ಅದು ಮೊದಲೇ ಹರಡಿತ್ತು. ಮೈಸೂರಿನಲ್ಲಿ ಕಮಿಷನರ್ ಬೌರಿಂಗನ ಆಡಳಿತದಲ್ಲಿ 1863ರಲ್ಲಿ ಚಿತ್ರದುರ್ಗದ ಭಾಗದಿಂದ ಕೆಲಸ ಮೊದಲಾಯಿತು.

ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಂದಿನ ತಕರಾರುಗಳಲ್ಲಿ ಹಲವಕ್ಕೆ ಇವೇ ಬೇರು. ಮೊದಲನೆಯದು, ಸರ್ವೆ ನಂಬರು ಎಂಬುದು ಮೂಲತಃ ಒಡೆತನದ ಘಟಕವಲ್ಲ. ಮಣ್ಣಿನ ಗುಣಕ್ಕೆ ತಕ್ಕಂತೆ ಒಂದು ಜೊತೆ ಎತ್ತು ಉಳಬಲ್ಲಷ್ಟು ನೆಲವನ್ನು ಒಂದು ನಂಬರೆಂದು ಹಿಡಿದರು. ಸಣ್ಣ ಹಿಡುವಳಿಗಳನ್ನು ಒಟ್ಟುಗೂಡಿಸಿದರು. ಒಂದೇ ನಂಬರಿನಲ್ಲಿ ಇಬ್ಬರು ಮೂವರ ಪಾಲಿದ್ದರೆ ಅವರ ನಡುವಣ ಗೆರೆಯನ್ನು ಸರಕಾರ ಅಳೆಯಲಿಲ್ಲ. ಹಿಸ್ಸಾ ಅಳತೆ ಬಂದುದು ಆಮೇಲೆ. ಎರಡನೆಯದು ಸಲಕರಣೆ. ಆಗಿನ ಸರಪಣಿಯ ಉದ್ದ 33 ಅಡಿ, ಅದಕ್ಕೆ 16 ಆಣೆ. ಅಂದರೆ ಒಂದು ಆಣೆ 2 ಅಡಿ ಮುಕ್ಕಾಲು ಅಂಗುಲ. ಆ ಸರಪಣಿಯ ಚೌಕವೇ 1,089 ಚದರಡಿಯ ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲದ ನಡುವೆ ಒಂದು ಆಧಾರರೇಖೆ ಎಳೆದು, ಮೂಲೆಗಳಿಗೆ ಲಂಬವಾಗಿ ಅಳೆದು, ಆ ಅಂಕಿಗಳನ್ನು ಟಿಪ್ಪಣಿಯಲ್ಲಿ ಬರೆದರು. ಟಿಪ್ಪಣಿ ಪ್ರಮಾಣಬದ್ಧ ನಕ್ಷೆಯಲ್ಲ, ಅಂಕಿ ನಮೂದಿಸಿದ ಕೈಚಿತ್ರ. ಅಳೆದ ಬದು ಯಾವುದೆಂದು ತೋರಿಸಿದವರು ಮಾತ್ರ ಹಿಂದಿನಂತೆ ಊರಿನವರೇ. ಅರ್ಧ ಅಡಿ ಜಾಗಕ್ಕಾಗಿ ಈ ದಾಖಲೆಯ ಮುಂದೆ ನಿಂತು ನ್ಯಾಯ ಕೇಳುವವರು ಅದು ಕೊಡಲಾರದುದನ್ನು ಕೇಳುತ್ತಿದ್ದಾರೆ.

ಕರಾವಳಿಯ ಕಥೆ ಬೇರೆ. ಮದರಾಸು ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಬಹುಕಾಲ ಇದ್ದುದು ‘ವರ್ಗ’. ಒಬ್ಬನ ಹೆಸರಿನಲ್ಲಿ ಲೆಕ್ಕಕ್ಕೆ ಕೂಡಿಸಿದ, ನೆಲದ ಮೇಲೆ ಚದುರಿದ್ದ ಜಮೀನುಗಳ ಗುಂಪು ಅದು. ಅಲ್ಲಿ ಇಂದಿಗೂ ಲೆಕ್ಕ ಗುಂಟೆಯಲ್ಲಲ್ಲ, ಸೆಂಟ್ಸಿನಲ್ಲಿ. ಕದೀಂ ವರ್ಗದ ಅಂಚಿನಿಂದ 100 ಗಜದವರೆಗೆ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆಗಳ ಕುಮ್ಕಿ ಸೌಲಭ್ಯವಿದ್ದುದರಿಂದ ವರ್ಗದ ಗೆರೆ ಹತ್ತು ಗಜ ಸರಿದರೆ ಕುಮ್ಕಿಯೂ ಅಷ್ಟೇ ಸರಿಯುತ್ತಿತ್ತು.

ಮೋಜಣಿಯ ದಾಖಲೆ ಬಂದಮೇಲೆ ಚತುಸ್ಸೀಮೆ ಮರೆಯಾಯಿತೆನ್ನುವುದು ತಪ್ಪು. ಕ್ರಯಪತ್ರಗಳಲ್ಲಿ ಅದು ಚಕ್ಕುಬಂದಿಯಾಗಿ ಮುಂದುವರಿಯಿತು. ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಯೇ ಮೇಲು ಎಂಬುದು ನ್ಯಾಯಾಲಯಗಳು ಅನುಸರಿಸಿಕೊಂಡು ಬಂದ ನಿಲುವು. ಆದರೆ ಒಂದು ವ್ಯತ್ಯಾಸವಿದೆ. ಶಾಸನ ಹುತ್ತ, ಹಳ್ಳಗಳನ್ನು ಹೆಸರಿಸಿದರೆ, ಪತ್ರ ಬರೆಯುವವರು ಪಕ್ಕದ ಹಿಡುವಳಿದಾರರನ್ನು ಹೆಸರಿಸುತ್ತಾರೆ. ಎರಡು ತಲೆಮಾರು ಕಳೆದರೆ ಆ ಹೆಸರಿನವರು ಯಾರೆಂದು ಹೇಳುವವರಿರುವುದಿಲ್ಲ. ಹಳೆಯ ಚಕ್ಕುಬಂದಿಯನ್ನೇ ನಕಲು ಮಾಡುತ್ತ ಬಂದ ಪತ್ರಗಳನ್ನು ಕಂಡವರಿಗೆ ಇದರ ಪರಿಣಾಮ ತಿಳಿದಿದೆ. ಈ ವಿಷಯದಲ್ಲಿ ಹನ್ನೆರಡನೆಯ ಶತಮಾನದ ಲಿಪಿಕಾರನು ಇಂದಿನ ಪತ್ರಬರಹಗಾರನಿಗಿಂತ ಜಾಣನಾಗಿದ್ದನೆಂದೇ ಹೇಳಬೇಕಾಗಿದೆ.

ಅಳತೆಗಾರನನ್ನು ಯಾವಾಗ ಕರೆಸಬೇಕು ಎಂಬುದಕ್ಕೆ ಈ ಹಿನ್ನೆಲೆಯಲ್ಲಿ ಉತ್ತರ ಹುಡುಕಬಹುದು. ಬಾಂದುಕಲ್ಲುಗಳು ಸ್ಥಾನದಲ್ಲಿದ್ದು, ಎರಡೂ ಕಡೆಯವರು ಒಂದೇ ಬದುವನ್ನು ಒಪ್ಪಿ ಬಹುಕಾಲ ಉತ್ತುಕೊಂಡು ಬಂದಿದ್ದರೆ, ಟಿಪ್ಪಣಿಯ ಅಂಕಿ ಹಿಡಿದು ಅದನ್ನು ಕೆದಕುವುದರಿಂದ ಹೊಸ ಜಗಳ ಹುಟ್ಟುವುದೇ ಹೆಚ್ಚು. ಅಲ್ಲಿ ಗ್ರಾಮನಕ್ಷೆ, ಆಕಾರಬಂದು, ಟಿಪ್ಪಣಿಗಳ ನಕಲು ಪಡೆದು ನೆಲದ ಮೇಲಿನ ಕಲ್ಲುಗಳೊಂದಿಗೆ ಹೋಲಿಸಿ ನೋಡಿದರೆ ಸಾಕು. ಕಲ್ಲು ಕಿತ್ತುಹೋಗಿದ್ದರೆ, ಹಿಸ್ಸಾ ಪೋಡಿಯಾಗದೆ ಬಾಯಿಮಾತಿನಲ್ಲಿ ಭಾಗವಾಗಿದ್ದರೆ, ಹಳ್ಳವೋ ಖರಾಬೋ ಒತ್ತುವರಿಯಾಗಿದ್ದರೆ, ನೆಲದ ಒಂದು ಭಾಗವನ್ನಷ್ಟೇ ಮಾರುವುದಿದ್ದರೆ ಹದ್ದುಬಸ್ತಿಗೋ ಪೋಡಿಗೋ ಅರ್ಜಿ ಹಾಕುವುದು ಅನಿವಾರ್ಯ. ಬೇಲಿಗೆ, ಬಾವಿಗೆ, ಮನೆಗೆ ಹಣ ಸುರಿಯುವ ಮೊದಲೇ ಈ ಕೆಲಸ ಆಗಬೇಕು. ಗೋಡೆ ಎದ್ದಮೇಲೆ ಬರುವ ಅಳತೆ ಯಾರನ್ನೂ ಸಮಾಧಾನಪಡಿಸಿದ್ದಿಲ್ಲ. ಅಳತೆಗಾರ ಹೇಳುವುದು ಗೆರೆಯನ್ನು, ಹಕ್ಕನ್ನಲ್ಲ ಎಂಬುದನ್ನೂ ನೆನಪಿಡಬೇಕು. ಹಕ್ಕಿನ ತೀರ್ಮಾನ ಸಿವಿಲ್ ನ್ಯಾಯಾಲಯದ್ದು. ಅದು ಕೂಡ 1908ರ ಸಂಹಿತೆಯ 26ನೆಯ ಆದೇಶದ 9ನೆಯ ನಿಯಮದಡಿ ಕಮಿಷನರನನ್ನು ಸ್ಥಳಕ್ಕೆ ಕಳಿಸಬಲ್ಲದು.

2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಏರಿದ್ದು ಹೆಸರು ಮತ್ತು ವಿಸ್ತೀರ್ಣ, ಗೆರೆಯಲ್ಲ. ಪಹಣಿ ಸರಿಯಿದೆ, ಹೊಲ ಮಾತ್ರ ಎಲ್ಲಿದೆಯೋ ತಿಳಿಯದು ಎಂಬ ವಿಚಿತ್ರ ಸ್ಥಿತಿ ಅನೇಕರದಾಯಿತು. ಪರವಾನಗಿ ಪಡೆದ ಖಾಸಗಿ ಭೂಮಾಪಕರೂ ಮಾರಾಟಕ್ಕೆ ಮುನ್ನ ಸಿದ್ಧಪಡಿಸುವ 11ಇ ನಕ್ಷೆಯೂ ಆ ನಂತರ ಬಂದವು. ಉಪಗ್ರಹದ ಸಂಕೇತ ಹಿಡಿಯುವ ಯಂತ್ರಗಳು ಇಂದು ಅಂಗುಲದಷ್ಟು ಸೂಕ್ಷ್ಮವಾಗಿ ಅಳೆಯಬಲ್ಲವಾದರೂ, ಆ ಅಳತೆಯನ್ನು ಹಳೆಯ ಟಿಪ್ಪಣಿಗೆ ಕೂಡಿಸಲು ನೆಲದ ಮೇಲೆ ಎರಡು ಮೂರು ಹಳೆಯ ಕಲ್ಲುಗಳಾದರೂ ಸಿಗಲೇಬೇಕು. ಹದ್ದುಬಸ್ತಿನ ದಿನ ಸುತ್ತಲಿನ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ. ಅವರು ಬಂದು ಬದುವಿನ ಮೇಲೆ ನಿಲ್ಲುತ್ತಾರೆ, ಊರಿನ ಮುದುಕನೊಬ್ಬ ಕಲ್ಲು ಇದ್ದ ಜಾಗವನ್ನು ಕೋಲಿನಿಂದ ತೋರಿಸುತ್ತಾನೆ, ಮಹಜರಿಗೆ ಎಲ್ಲರ ಸಹಿ ಬೀಳುತ್ತದೆ.